ನಾಲ್ಕು ದಿನ ಇರ್ಲಿ

ಮಗಳು ಸುಂದರಿ ಎಲ್ಲೂ ಕಾಣಲಿಲ್ಲ.

ಲೀಲಾಧರ ಬಾವಿಯೊಳಗೆ ಇಣುಕಿದ, ತೆಂಗಿನ ಹಿತ್ತಿಲ ಕೊನೆಯವರೆಗೆ ಹೋಗಿ ಕೂಗಿದ, ಬೆವರು ಒರೆಸಿಕೊಳ್ಳುತ್ತ ಮತ್ತೆ ಅಂಗಳಕ್ಕೆ ಬಂದ. ಅಲ್ಲಿ ಎಂಟು ವರ್ಷದ ಮಗ ಶೇಖರ ಹೊಸ ಅಂಗಿ ತೊಟ್ಟು, ಬಟ್ಟೆಯ ಗಂಟು ಹಿಡಿದುಕೊಂಡು ನಿಂತಿದ್ದ. ಘಟ್ಟ ಹತ್ತುವ ಬಸ್ಸಿಗೆ ಹೊತ್ತಾಗುತ್ತಿತ್ತು. ಬೀಜಾಡಿಯಿಂದ ಕೋಟೇಶ್ವರದವರೆಗೆ ನಡೆದೇ ಹೋಗಬೇಕು.

ಕಳೆದ ದೀಪಾವಳಿ ಮುಗಿದ ಮೇಲೆ ಲೀಲಾಧರ ಮತ್ತು ಅವನ ಹೆಂಡತಿ ಹರಿಣಾಕ್ಷಿ ಭದ್ರಾವತಿಯಲ್ಲಿ ಹೋಟೆಲು ಹಾಕಲು ಪಾತ್ರೆ ಪಡಗ ಕಟ್ಟಿಕೊಂಡು ಹೊರಟಿದ್ದರು. ಬಿಡಾರ ಸರಿಯಾಗುವ ತನಕ ಇರಲಿ ಎಂದು ಮಕ್ಕಳಿಬ್ಬರನ್ನೂ ಹರಿಣಾಕ್ಷಿಯ ಅಕ್ಕ ರಾಜೀವಿಯ ಮನೆಯಲ್ಲಿ ಬಿಟ್ಟಿದ್ದರು. ರಾಜೀವಿ ವಿಧವೆ, ಮಕ್ಕಳಿರಲಿಲ್ಲ. ಈಗ ಬೇಸಿಗೆ. ಬಿಡಾರ ಸಿಕ್ಕಿತ್ತು. ಮಕ್ಕಳನ್ನು ಕರೆದುಕೊಂಡು ಹೋಗಲು ಲೀಲಾಧರ ಒಬ್ಬನೇ ಬಂದಿದ್ದ.

ರಾಜೀವಿ ದನದ ಹಟ್ಟಿಯೊಳಗೆ ಹೋಗಿ ನೋಡಿದಳು. ಬೈಹುಲ್ಲಿನ ರಾಶಿಯ ಹಿಂದೆ, ಇನ್ನೂ ನಾಲ್ಕು ತುಂಬದ ಸುಂದರಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು.

"ಹೇಳ್ಬೇಡ ದೊಡ್ಡಮ್ಮ," ಎಂದಳು ಪಿಸುದನಿಯಲ್ಲಿ. "ನಾ ಹೋತಿಲ್ಲೆ. ನಾ ಇಲ್ಲೇ ಇಪ್ಪುದ್."

ಕೈ ಹಿಡಿದು ಎಬ್ಬಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ರಾಜೀವಿ ಕೈ ಚಾಚಿದಳು ಕೂಡ. ಆ ಕೈ ಮಗುವಿನ ತಲೆಗೆ ಅಂಟಿದ್ದ ಹುಲ್ಲುಕಡ್ಡಿಯೊಂದನ್ನು ತೆಗೆದು ಹಿಂದಕ್ಕೆ ಬಂತು.

"ಇಲ್ಲೂ ಇಲ್ಲೆ," ಎಂದಳು ಹೊರಗೆ ಬಂದು. "ಆಚೆಮನಿ ಮಕ್ಕಳೊಟ್ಟಿಗೆ ಕಡಲ್ ಬದಿಗೆ ಹೋಯಿರ್ಕ್. ನೀವ್ ಮಾಣಿನ್ ಕರ್ಕಂಡ್ ಹೊರಡಿ, ಬಸ್ ತಪ್ಪತ್ತ್. ಅದ್ ನಾಲ್ಕ್ ದಿನ ಇರ್ಲಿ. ಇನ್ನೊಂದ್ ಸಲ ಬಂದಾಗ ಕರ್ಕಂಡ್ ಹೋಗಿ."

ಲೀಲಾಧರ ಅವಳ ಮುಖ ನೋಡಿದ. "ಆಯ್ತ್ ಅತ್ತಿಗೆ. ನಾಲ್ಕ್ ದಿನ ಇರ್ಲಿ," ಎಂದು ಮಗನ ಕೈ ಹಿಡಿದುಕೊಂಡ. ಶೇಖರ ತಂಗಿಯ ಹೆಸರು ಹಿಡಿದು ಅಳುತ್ತಲೇ ಗದ್ದೆಯಂಚು ದಾಟಿದ.

ಆದರೆ ಹೋಟೆಲು ಬಿಟ್ಟು ಬರುವುದು ಲೀಲಾಧರನಿಗೆ ಆಗಲೇ ಇಲ್ಲ. ಮಳೆಗಾಲ ಹಿಡಿಯಿತು, ಘಟ್ಟದಲ್ಲಿ ಗುಡ್ಡ ಜರಿದು ಬಸ್ಸು ನಿಂತಿತು. ಹರಿಣಾಕ್ಷಿಗೆ ಹೆಣ್ಣು ಮಗುವಾಗಿದೆಯೆಂದು ಆ ಕಡೆಯಿಂದ ಬಂದವರು ಯಾರೋ ಹೇಳಿದರು. ರಾಜೀವಿಗೆ ಅದೊಂದೂ ಬೇಸರವಾಗಲಿಲ್ಲ. ಸಂತೆಯಲ್ಲಿ ಒಣಮೀನು ಮಾರುವವಳು, "ಮಗಳಾ ಒಡ್ತಿ?" ಎಂದು ಕೇಳಿದರೆ ರಾಜೀವಿ ಹೌದೆಂದು ತಲೆಯಾಡಿಸುವಳು. ಮೊದಮೊದಲು ದೀಪ ಹಚ್ಚುವ ಹೊತ್ತಿಗೆ ಸುಂದರಿ, "ಅಮ್ಮ ಯಾವಾಗ ಬತ್ರ್?" ಎನ್ನುತ್ತಿದ್ದಳು. ರಾಜೀವಿ ಬೇರೆ ಮಾತು ತೆಗೆಯುವಳು. ಒಂದು ಸಂಜೆ ಮಗು ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಆಗ ರಾಜೀವಿಗಾದದ್ದು ಸಂತೋಷ. ಆ ಸಂತೋಷಕ್ಕೆ ತಾನೇ ನಾಚಿ, ಇವತ್ತು ಅವಳ ಅಮ್ಮನ ಸುದ್ದಿ ಹೇಳಬೇಕು, ನಾಳೆ ಹೇಳಬೇಕು ಎಂದುಕೊಂಡೇ ದಿನ ತಳ್ಳಿದಳು.

ಮತ್ತೊಂದು ದೀಪಾವಳಿ ಕಳೆದ ಮೇಲೆ, ಒಂದು ಮಧ್ಯಾಹ್ನ, ಹರಿಣಾಕ್ಷಿ ಬಂದಳು. ಸೊಂಟದಲ್ಲಿ ಕೂಸು, ಕೈಯಲ್ಲಿ ಚೀಲ. ಅಂಗಳದಲ್ಲಿ ಒಣಹಾಕಿದ ಭತ್ತಕ್ಕೆ ಕೋಳಿ ಬಾರದ ಹಾಗೆ ಕೋಲು ಹಿಡಿದು ಕೂತಿದ್ದ ಸುಂದರಿಯನ್ನು ಕಂಡದ್ದೇ ಚೀಲ ಕೆಳಗೆ ಬಿಟ್ಟು, "ಮಗಾ" ಎಂದು ಕೈ ಚಾಚಿದಳು. ಸುಂದರಿ ಎದ್ದು ನಿಂತಳು, ಒಂದು ಗಳಿಗೆ ನೋಡಿದಳು, ಆಮೇಲೆ ಒಳಗೆ ಓಡಿದಳು.

"ನಾಚ್ಕಿ," ಎಂದು ನಗುತ್ತ ಹರಿಣಾಕ್ಷಿ ಜಗಲಿಯಲ್ಲಿ ಕುಳಿತಳು.

ಅಡುಗೆಮನೆಯಿಂದ ಬಂದ ರಾಜೀವಿ ಬಾಗಿಲ ಹತ್ತಿರವೇ ನಿಂತಳು. ತಂಗಿಯನ್ನು ಕ್ಷೇಮ ಕೇಳಲಿಲ್ಲ, ಕೂಸನ್ನು ಎತ್ತಿಕೊಳ್ಳಲಿಲ್ಲ. ಎಷ್ಟೋ ದಿನದಿಂದ ಗಂಟಲಲ್ಲಿದ್ದದ್ದು ಹೊರಗೆ ಬಂತು.

"ಹರಿಣಿ, ಅವತ್ತ್ ಅದ್ ಹಟ್ಟಿಯೊಳ್ಗೇ ಅಡ್ಗಿ ಕೂತಿತ್ತ್. ನಾ ಕಂಡಿದ್ದೆ. ಕಂಡೂ ಇಲ್ಲೆ ಅಂದೆ."

ಹರಿಣಾಕ್ಷಿ ಕೂಸಿನ ತಲೆ ನೇವರಿಸುತ್ತಿದ್ದಳು. ಕೈ ನಿಂತಿತು. ಅಕ್ಕನ ಮುಖ ನೋಡದೆ ಹೇಳಿದಳು: "ಇವ್ರೂ ಕಂಡಿದ್ರ್ ಅಕ್ಕ. ನೀ ಹಟ್ಟಿ ಬಾಗ್ಲ್ ತೆಗ್ದಾಗ ಅದ್ರ ಲಂಗ ಕಂಡಿತ್ ಅಂದ್ರ್."

"ಮತ್ತ್ ಎಂತಕ್ಕೆ..."

"ಇಪ್ಪುದ್ ಒಂದೇ ಕೋಣೆ. ನಾ ಬೇರೆ ಬಸ್ರಿ. ನಾಲ್ಕ್ ದಿನ ಇರ್ಲಿ ಅಂತ ಇವ್ರಿಗ್ ಕಂಡಿತ್. ಮನಿಗ್ ಬಂದ್ ನಂಗ್ ಹೇಳ್ರ್." ಅವಳ ದನಿ ಇಳಿಯಿತು. "ಈಗ್ಲೇ ಹೋಯಿ ಕರ್ಕಂಡ್ ಬನ್ನಿ ಅಂತ ನಾನೂ ಹೇಳ್ಲಿಲ್ಲೆ, ಅಕ್ಕ."

ಕೋಲು ಹಿಡಿದು ಕಾಯುವವರಿಲ್ಲದೆ ಕೋಳಿಗಳು ಭತ್ತಕ್ಕೆ ಇಳಿದಿದ್ದವು.

ಅಷ್ಟರಲ್ಲಿ ಸುಂದರಿ ಒಳಗಿನಿಂದ ಬಂದಳು. ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ಬಾಳೆಎಲೆಯ ಚೂರಿನ ಮೇಲೆ ಬೆಲ್ಲದ ತುಂಡು. ಮನೆಗೆ ಯಾರೇ ಬರಲಿ, ದೊಡ್ಡಮ್ಮ ಹೀಗೆಯೇ ಕೊಡುವುದನ್ನು ಅವಳು ನೋಡಿದ್ದಳು. ನೀರು ಚೆಲ್ಲದ ಹಾಗೆ ತುಟಿ ಕಚ್ಚಿಕೊಂಡು ನಡೆದು, ಎರಡನ್ನೂ ಹರಿಣಾಕ್ಷಿಯ ಮುಂದೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ತಕಣಿ," ಎಂದಳು. "ಬಿಸ್ಲಿಗೆ ಬಂದ್ರಿ ಅಲ್ದಾ? ನೀವ್ ಎಲ್ಲಿಯವ್ರ್?"

ರಾಜೀವಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ತಿರುಗಿದಳು. ಹರಿಣಾಕ್ಷಿ ಬೆಲ್ಲ ಬಾಯಿಗಿಟ್ಟಳು, ಚೊಂಬೆತ್ತಿ ನೀರು ಕುಡಿದಳು.

"ಘಟ್ಟದ್ ಮೇಲಿನವ್ರ್, ಮಗಾ," ಎಂದಳು.