ಪೂರ್ತಿ ಫೋಟೋ

ತಂಗಿ ಸೋಪಿನ ನೀರಿನಿಂದ ಬಾಚಣಿಗೆಗಳನ್ನು ಒಂದೊಂದಾಗಿ ತೆಗೆದು, ಹಲ್ಲುಗಳಲ್ಲಿ ಸಿಕ್ಕಿಕೊಂಡ ಕೂದಲನ್ನು ಹಳೆಯ ಬ್ರಷ್‌ನಿಂದ ಬಿಡಿಸಿ, ಟವೆಲ್ ಮೇಲೆ ಇಡುತ್ತಿದ್ದಳು. ಪಾರ್ಲರಿನಲ್ಲಿ ಗಿರಾಕಿಗಳಿರಲಿಲ್ಲ. ಬೆಳಿಗ್ಗೆಯಿಂದ ಅಕ್ಕ ತಂಗಿಯರ ನಡುವೆ ಮಾತಿಲ್ಲ. ಜಗಳವೇನೂ ಆಗಿರಲಿಲ್ಲ, ಅಂಗಡಿಯಲ್ಲಿ ಮಾತಾಡುವುದು ಅಕ್ಕನ ಕೆಲಸ, ಅಕ್ಕನ ಗಮನವೆಲ್ಲ ಇವತ್ತು ಬಾಗಿಲ ಕಡೆಗಿತ್ತು.

ಅವರ ಹರೆಯದ ಕಾಲದ ಒಂದು ರಾಕ್ ಆಲ್ಬಂ ಮತ್ತೆ ವಿನೈಲ್ ರೆಕಾರ್ಡ್ ಆಗಿ ಬಂದಿತ್ತು. ಅದರ ಕವರ್ ಮೇಲಿದ್ದವಳು ಅಕ್ಕ. ಜನಜಂಗುಳಿಯ ಮೇಲಕ್ಕೆ ಎದ್ದು, ಎರಡೂ ತೋಳು ಚಾಚಿ, ಮುಖ ಮೇಲೆತ್ತಿದ ಹುಡುಗಿ. ಬೀದಿಯ ತುಂಬ ಅವಳಿಗೆ 'ರೆಕ್ಕೆ' ಎಂದೇ ಹೆಸರು. ಕನ್ನಡಿಯ ಮೇಲೆ ಆ ಹಳೆಯ ಕವರಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದಳು. ಕೂದಲು ಕತ್ತರಿಸಿಕೊಳ್ಳಲು ಬಂದವರು ಕೇಳದಿದ್ದರೂ ಹೇಳುತ್ತಿದ್ದಳು: ಆ ಬ್ಯಾಂಡಿನ ಕಾರ್ಯಕ್ರಮದ ನೂಕುನುಗ್ಗಲಿನಲ್ಲಿ ಯಾರೋ ಗುರುತಿಲ್ಲದ ಎತ್ತರದ ಹುಡುಗ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡದ್ದು, ಹಾಡು ಮುಗಿಯುವವರೆಗೂ ಇಳಿಸದೆ ನಿಂತದ್ದು, ಆಮೇಲೆ ಹೆಸರೂ ಹೇಳದೆ ಹೊರಟುಹೋದದ್ದು. ಅವನಿಗೊಂದು ಮೀಸೆಯಿತ್ತು. ವರ್ಷ ಕಳೆದಂತೆ ಅದು ದಪ್ಪವಾಗುತ್ತ ಬಂದಿತ್ತು. ತಂಗಿ ನೆಲದ ಕೂದಲು ಗುಡಿಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ರೆಕಾರ್ಡ್ ಅಂಗಡಿಯವನು ಬಂದ. ಮೊದಲ ಪ್ರತಿ ಅಕ್ಕನಿಗೇ ಎಂದು ಪ್ಲಾಸ್ಟಿಕ್ಕನ್ನೂ ಬಿಚ್ಚದೆ ತಂದಿದ್ದ. ಅದನ್ನು ಅವಳ ಕೈಯಲ್ಲಿ ಹಿಡಿಸಿ ಒಂದು ಫೋಟೋ ತೆಗೆದು ತನ್ನ ಅಂಗಡಿಯಲ್ಲಿ ಹಾಕುವ ಆಸೆ ಅವನಿಗೆ. ಹಳೆಯ ಕವರಿನಲ್ಲಿ ಹುಡುಗಿ ದೊಡ್ಡದಾಗಿ ಕಾಣಲೆಂದು ಫೋಟೋದ ಮೇಲಿನ ಭಾಗ ಮಾತ್ರ ಹಾಕಿದ್ದರಂತೆ, ಈ ಸಲ ಮೂಲ ಫೋಟೋ ಪೂರ್ತಿಯಾಗಿ ಇದೆಯಂತೆ ಎನ್ನುತ್ತ ಉಗುರಿನಿಂದ ಪ್ಲಾಸ್ಟಿಕ್ ಸೀಳಿದ.

ಪೂರ್ತಿ ಫೋಟೋದಲ್ಲಿ ಅಕ್ಕ ಚಿಕ್ಕವಳಾಗಿದ್ದಳು. ಅವಳ ಮುಖದ ಮೇಲೆ ಅವಳದೇ ತೋಳಿನ ನೆರಳು. ಅವಳ ಮೊಣಕಾಲುಗಳ ನಡುವೆ ಇನ್ನೊಂದು ಮುಖವಿತ್ತು. ಕೆನ್ನೆಗೆ ಅಂಟಿದ ಒದ್ದೆ ಕೂದಲು, ಅರ್ಧ ಮುಚ್ಚಿದ ಕಣ್ಣು, ಬಾಯಿ ತುಂಬ ಹಾಡು. ಜನರ ಸಂದಿಯಿಂದ ತೂರಿಬಂದ ವೇದಿಕೆಯ ಬೆಳಕೆಲ್ಲ ಆ ಮುಖದ ಮೇಲೆ ಬಿದ್ದಿತ್ತು.

ಅಂಗಡಿಯವನು ಫೋಟೋ ನೋಡಿದ. ನಲ್ಲಿಯ ಹತ್ತಿರ ನಿಂತಿದ್ದ ತಂಗಿಯನ್ನು ನೋಡಿದ.

"ಮೀಸೆ ಎಲ್ಲಿ ಅಕ್ಕಾ?" ಎಂದ. ಚುಚ್ಚಬೇಕೆಂದು ಕೇಳಿದ್ದಲ್ಲ. ಆಮೇಲೆ ತಂಗಿಯ ಕಡೆ ತಿರುಗಿ, "ಇದು ನೀವಲ್ವಾ?" ಎಂದ.

"ಹೌದು. ಏನೂ ಕಾಣ್ತಿಲ್ಲ ಅಂತ ಅಕ್ಕ ಅಳೋಕೆ ಶುರು ಮಾಡಿದ್ಲು. ಕೂರಿಸ್ಕೊಂಡೆ."

"ಮತ್ತೆ ಇಷ್ಟು ವರ್ಷ ಸುಮ್ನೆ ಕೇಳಿಸ್ಕೊಂಡು ಇದ್ರಾ?"

ತಂಗಿ ಕೈ ಒರೆಸಿಕೊಂಡಳು. "ಆ ಮೀಸೆಯವನು ನನಗೂ ಹಿಡಿಸಿದ್ದ."

ಅಂಗಡಿಯವನು ಹೊಟ್ಟೆ ಹಿಡಿದು ನಕ್ಕ. ತಂಗಿಯ ಮಾತಿನಲ್ಲಿ ಕೊಂಕು ಇದೆಯೇನೋ ಎಂದು ಅಕ್ಕ ಹುಡುಕಿದಳು. ಇರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು.

ಪ್ರಿಂಟ್ ಮಂಕಾಗಿದೆ, ಹಳೆಯದರ ಅಂದ ಇದಕ್ಕಿಲ್ಲ ಎಂದು ಅಕ್ಕ ಮೂಗು ಮುರಿದಳು. ಅಂಗಡಿಯವನು ಒಪ್ಪಲಿಲ್ಲ. ತಂಗಿಯ ಮುಖದ ಮೇಲೆ ಬೆರಳಿಟ್ಟು ತೋರಿಸಿದ. "ನೋಡಿ, ಕಣ್ಣು ಸೀದಾ ಇಲ್ಲಿಗೇ ಹೋಗುತ್ತೆ. ಇದು ಇವರ ಫೋಟೋನೇ ಅಕ್ಕಾ, ತಪ್ಪು ತಿಳ್ಕೋಬೇಡಿ."

ಆ ಹೆಗಲು ಅಕ್ಕನಿಗೆ ನೆನಪಿತ್ತು. ಸಣ್ಣ ಹೆಗಲು, ಎಲುಬು ಒತ್ತುತ್ತಿತ್ತು, ಅಲುಗಾಡಬೇಡ ಎಂದು ಮೇಲಿನಿಂದ ಗದರಿದ್ದಳು. ಅವತ್ತು ವೇದಿಕೆಯನ್ನು ಕಂಡವಳು ತಾನು. ಹಾಡುವವನು ಬೆವರು ಒರೆಸಿಕೊಂಡದ್ದು, ಗಿಟಾರಿನ ತಂತಿ ಹರಿದದ್ದು, ಎಲ್ಲವನ್ನೂ ಕಂಡವಳು. ಕೆಳಗಿದ್ದವಳಿಗೆ ಕಂಡದ್ದು ಮುಂದಿನವರ ಬೆನ್ನು ಮಾತ್ರ. ಬೆನ್ನು ನೋಡುತ್ತ, ಭಾರ ಹೊತ್ತು ನಿಂತವಳ ಮುಖದಲ್ಲಿ ಇದೆಂಥ ಸುಖ? ತನಗೆ ಅಷ್ಟು ಸುಖವಾಗಿತ್ತೇ ಎಂದು ನೆನಪಿಸಿಕೊಳ್ಳಲು ನೋಡಿದಳು. ನೆನಪಿಗೆ ಬಂದದ್ದು, ಯಾರಾದರೂ ತನ್ನನ್ನು ನೋಡುತ್ತಿದ್ದಾರೆಯೇ ಎಂದು ಆಗಾಗ ಕೆಳಗೆ ಕಣ್ಣು ಹಾಯಿಸಿದ್ದು.

ಇಬ್ಬರೂ ನಿಂತುಕೊಳ್ಳಿ ಎಂದು ಅಂಗಡಿಯವನು ಫೋನ್ ತೆಗೆದ. ತಂಗಿ ಬೇಡವೆಂದಳು, ಏಪ್ರನ್ ಒದ್ದೆಯಾಗಿದೆ ಎಂದಳು. ಅವನು ಬಿಡಲಿಲ್ಲ. ಕೊನೆಗೆ ಏಪ್ರನ್ ಬಿಚ್ಚಿ, ಕೂದಲನ್ನು ಕಿವಿಯ ಹಿಂದೆ ಸರಿಸಿ ಬಂದು ನಿಂತಳು. ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡಳು ಕೂಡ. ಪಾರ್ಲರ್ ಶುರುವಾದಾಗಿನಿಂದ ಅವಳು ಆ ಕನ್ನಡಿಯನ್ನು ಒರೆಸಿದ್ದನ್ನಷ್ಟೇ ಅಕ್ಕ ನೋಡಿದ್ದಳು.

ಅಕ್ಕ ರೆಕಾರ್ಡನ್ನು ಎದೆಯ ಮುಂದೆ ಹಿಡಿದಳು. ಒಂದು ಕೈ ಅಂಚಿನಲ್ಲಿತ್ತು. ಇನ್ನೊಂದು ಕೈಯ ಐದೂ ಬೆರಳು ಬಿಡಿಸಿ, ಕವರಿನ ಕೆಳಭಾಗದ ಮೇಲೆ ಒತ್ತಿದಳು. ತೋಳು ಚಾಚಿದ ಹುಡುಗಿ ಮಾತ್ರ ಉಳಿದಳು, ಹಳೆಯ ಕವರಿನಲ್ಲಿದ್ದಂತೆಯೇ.

ಅಂಗಡಿಯವನು ಫೋನ್ ಎತ್ತಿ ಹಿಡಿದ. ಅಕ್ಕ ಅದನ್ನೇ ನೋಡುತ್ತ ನಕ್ಕಳು.

"ಅಕ್ಕಾ," ಎಂದಳು ತಂಗಿ ಮೆಲ್ಲಗೆ, "ಕೈ ಸ್ವಲ್ಪ ಸರಿಸು."