ನಾಶಿಕ್‌ನ ಹೊಸ ಬೀಗಿತಿ

"ಗಂಗಾಪುರದಾಗ ಚನಬಸವ್ವಾರು ಅರಾಮ ಅದಾರೇನ್ರಿ ಅತ್ತಿ?" ಎಂದು ನೀರಜಾ ಕೇಳಿದಳು.

"ಅರಾಮ ಅದಾಳವಾ. ಮಧ್ಯಾಹ್ನ ಇಬ್ಬರೂ ಕೂಡೇ ಊಟ ಮಾಡಿದ್ವಿ. ನಿನ್ನ ಭಾಳ ಕೇಳಿದ್ಲು," ಎಂದು ಚನ್ನಮ್ಮ ಚಪ್ಪಲಿ ಕಳಚುತ್ತ ಹೇಳಿದಳು.

ನೀರಜಾ ತಲೆಯಾಡಿಸಿದಳು. ಅತ್ತೆಯ ಗೆಳತಿ ಆ ಚನಬಸವ್ವ ಅದೇ ಮಧ್ಯಾಹ್ನ ಸಂಭಾಜಿನಗರದ ಇದೇ ಮನೆಯ ಸೋಫಾದ ಮೇಲೆ ಕೂತು ಚಹಾ ಕುಡಿದು, "ನಿಮ್ಮ ಅತ್ತಿ ನಮ್ಮ ಕಡಿ ಬರೋದೇ ಬಿಟ್ಟಾರಲ್ಲ, ಏನ್ ಸಿಟ್ಟವಾ?" ಎಂದು ಕೇಳಿ ಹೋಗಿದ್ದಳು.

ಅತ್ತೆಯೋ ಹಣೆತುಂಬ ವಿಭೂತಿ, ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಹೆಂಗಸು. ಅಂಥವಳು ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದನ್ನು ಕಂಡು ನೀರಜಾಳಿಗೆ ಮೊದಲು ಬಂದದ್ದು ಮೆಚ್ಚುಗೆ. ಸಿಟ್ಟು ಆಮೇಲೆ ಬಂತು, ಬಂದದ್ದು ಹೋಗಲಿಲ್ಲ.

ಅಂದಿನಿಂದ ಅವಳು ಕಿವಿ ತೆರೆದಿಟ್ಟಳು. ಒಂದು ಸಂಜೆ ಚನ್ನಮ್ಮ ಬಾಲ್ಕನಿಯಲ್ಲಿ ಫೋನ್ ಹಿಡಿದು ಪಿಸುಗುಟ್ಟುತ್ತಿದ್ದಳು. "ಬರೋ ಶನಿವಾರ ನಾಶಿಕ್ಕಿಗೆ ಬರ್ತೀನ್ರಿ ಬೀಗರ. ನನ್ನ ಸೊಸಿಗಿ ಸುಳಿವು ಸಿಕ್ಕಿಲ್ಲ. ಸಿಕ್ಕರ ನಮ್ಮ ಆಟ ಮುಗೀತು ನೋಡ್ರಿ. ಆ ಹುಡುಗನ್ನ ನಮ್ಮ ಕೊರಳಿಗೇ ಕಟ್ಟತಾರ."

ಬೀಗರಂತೆ! ನೀರಜಾ ಬಾಗಿಲ ಮರೆಗೆ ಸರಿದಳು.

ನೀರಜಾಳ ಗಂಡ ಶಶಿಕಾಂತ ಚನ್ನಮ್ಮನಿಗೆ ಒಬ್ಬನೇ ಮಗ. ಅವನ ಮದುವೆಯಲ್ಲಿ ನೀರಜಾಳ ತಾಯಿ ಗುಂಡವ್ವ ಚನ್ನಮ್ಮನಿಗೆ ಉಡುಗೊರೆ ಕೊಟ್ಟ ಆಯೇರಿ ಸೀರೆಯ ಮಡಿಕೆಯಿಂದ ಬೇರೆ ಯಾರದೋ ಮದುವೆಯ ಅಕ್ಷತೆ ಉದುರಿತ್ತು. ಬಂದ ಸೀರೆಯನ್ನೇ ದಾಟಿಸಿದರೆಂದು ಚನ್ನಮ್ಮನ ಕಡೆಯ ಬೀದರಿನವರಿಗೆ ಅವಮಾನ, ಗುಂಡವ್ವನ ಕಡೆಯ ಕಲಬುರಗಿಯವರಿಗೆ ಅಪವಾದ. ಬೀಗಿತಿಯರ ಮಾತು ಅಲ್ಲಿಗೆ ನಿಂತಿತು. ಒಬ್ಬಳಿರುವ ಹಬ್ಬಕ್ಕೆ ಇನ್ನೊಬ್ಬಳು ಬರುತ್ತಿರಲಿಲ್ಲ. ಮೊಮ್ಮಗ ಉತ್ಕರ್ಷನ ಮೊದಲ ಕೂದಲು ತೆಗೆಸಿದ ಜಾವಳದ ದಿನ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಉಂಡಿದ್ದರು. ಅವನನ್ನು ನಾಲ್ಕು ದಿನ ನೋಡಿಕೊಳ್ಳಿ ಎಂದರೆ, ಇನ್ನೊಬ್ಬಳ ಮೇಲಿನ ಸಿಟ್ಟಿನ ನೆಪ ಹೇಳಿ ಇಬ್ಬರೂ ಜಾರಿಕೊಳ್ಳುತ್ತಿದ್ದರು.

ಹಾಗಾದರೆ ಅತ್ತೆ ಇಷ್ಟು ಅಕ್ಕರೆಯಿಂದ ಬೀಗರೇ ಎಂದು ಕರೆಯುತ್ತಿರುವುದು ಯಾರನ್ನು? ಹೊಸ ಬೀಗಿತಿ ಎಂದರೆ ಹೊಸ ಸೊಸೆ. ಕೊರಳಿಗೆ ಕಟ್ಟಿಸಿಕೊಳ್ಳಲು ಅವರಿಗೆ ಬೇಡವಾದ ಹುಡುಗ ಎಂದರೆ ಉತ್ಕರ್ಷ. ತಿಂಗಳಲ್ಲಿ ಟಿವಿ, ಫ್ರಿಜ್ಜಿನ ಬಾಗಿಲು, ಪಕ್ಕದ ಮನೆಯವರ ತಾಳ್ಮೆ ಮೂರನ್ನೂ ಮುರಿದವನು ಯಾರಿಗೆ ಬೇಕು? ಶಶಿಕಾಂತನೋ ಇತ್ತೀಚೆಗೆ ಮೀಸೆಗೆ ಬಣ್ಣ ಬೇರೆ ಹಚ್ಚತೊಡಗಿದ್ದ. ವಾಳೂಜ್‌ನ ಕಾರ್ಖಾನೆಯಲ್ಲಿ ಬೋಲ್ಟು ಪರೀಕ್ಷಿಸುವವನಿಗೆ ಬಣ್ಣದ ಮೀಸೆ ಯಾಕೆ?

ಅವಳು ಈಗ ನಾಶಿಕ್‌ನಲ್ಲೇ ನೆಲೆಸಿದ್ದ ತಾಯಿಗೆ ಫೋನ್ ಮಾಡಿದಳು. "ಅವ್ವಾ, ನನ್ನ ಸಂಸಾರ ಮುಳುಗ್ತದ. ನಮ್ಮತ್ತಿ ಶನಿವಾರ ಅಲ್ಲಿಗೆ ಬರ್ತಾರ. ನೀ ಬಸ್‌ಸ್ಟ್ಯಾಂಡಿನಾಗ ನಿಂತು ಯಾರ ಮನೀಗಿ ಹೋಗತಾರ ನೋಡು."

ಗುಂಡವ್ವನಿಗೆ ಯಾಕೋ ಜೋರು ಕೆಮ್ಮು ಬಂತು. "ಶನಿವಾರ ನನಗ ಪುರಸೊತ್ತಿಲ್ಲ. ಆಕಿ ಹಿಂದ ನೀನೂ ಬೀಳಬ್ಯಾಡ. ಸುಮ್ಮ ಮನ್ಯಾಗ ಇರು ಮಗಳ."

ಬೀಗಿತಿಯನ್ನು ಬೈಯುವ ಒಂದು ಅವಕಾಶವನ್ನೂ ಬಿಡದ ಅವ್ವ ಇಷ್ಟಕ್ಕೇ ಫೋನಿಟ್ಟಳು. ಪಾಪ, ಮಗಳ ಸ್ಥಿತಿ ಕೇಳಿ ಎದೆ ಒಡೆದಿರಬೇಕು ಎಂದುಕೊಂಡಳು ನೀರಜಾ. ಇನ್ನು ತನಗೆ ತಾನೇ ದಿಕ್ಕು.

ಶನಿವಾರ ಚನ್ನಮ್ಮ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು "ಗಂಗಾಪುರಕ್ಕ" ಹೊರಟಳು. ಉತ್ಕರ್ಷನನ್ನು ರಜೆಯಲ್ಲಿದ್ದ ಶಶಿಕಾಂತನ ಮಡಿಲಿಗೆ ಹಾಕಿ ನೀರಜಾ ಅದೇ ಬಸ್ಸಿನ ಹಿಂದಿನ ಸೀಟು ಹಿಡಿದಳು. ಆ ಬಿಸಿಲಲ್ಲಿ ಅರ್ಧ ಬಸ್ಸಿನ ಹೆಂಗಸರು ಮುಖಕ್ಕೆ ಓಢಣಿ ಸುತ್ತಿದ್ದರು, ಅವಳೂ ಸುತ್ತಿದಳು. ಯೇವಲಾ ಬಂದಾಗ ಅತ್ತೆ ಇಳಿದು ಮದುಮಗಳಿಗೆ ಪೈಠಣಿ ಸೀರೆ ಕೊಳ್ಳುತ್ತಾಳೇನೋ ಎಂದು ಅವಳು ಸೀಟಿನಿಂದ ಅರ್ಧ ಎದ್ದು ನೋಡಿದಳು. ಚನ್ನಮ್ಮ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು.

ನಾಶಿಕ್‌ನಲ್ಲಿ ಇಳಿದವಳೇ ಚನ್ನಮ್ಮ ಹುಡುಗಿಯಂತೆ ಬಿರಬಿರನೆ ನಡೆದು ಒಂದು ಮಿಸಳ್-ಪಾವ್ ಹೋಟೆಲಿಗೆ ನುಗ್ಗಿದಳು. ಒಳಗೆ ಕಾಲಿಡಲು ಜಾಗವಿರಲಿಲ್ಲ. ನೀರಜಾಳಿಗೆ ಕಂಡದ್ದು ಕಂಬದ ಮರೆಯಲ್ಲಿ ತಲೆತುಂಬ ಸೆರಗು ಹೊದ್ದು ಕೂತಿದ್ದ ಹೆಂಗಸಿನ ಬೆನ್ನು, ಆ ಹೆಂಗಸಿನ ತಟ್ಟೆಗೆ ನಗುನಗುತ್ತ ಹೋಳಿಗೆ ಬಡಿಸುತ್ತಿದ್ದ ಅತ್ತೆ. ಆರು ವರ್ಷದಲ್ಲಿ ಅತ್ತೆಯ ಮುಖದಲ್ಲಿ ಇಂಥ ಸಂತೋಷವನ್ನು ಅವಳು ನೋಡಿರಲಿಲ್ಲ.

ಓಢಣಿ ಕಿತ್ತು ಮುಂದೆ ನುಗ್ಗಿದಳು. ಚನ್ನಮ್ಮನ ಕೈಯ ಹೋಳಿಗೆ ಮಿಸಳಿನ ಖಾರದ ರಸ್ಸಾದೊಳಗೆ ಬಿತ್ತು.

"ನಾಚಿಕಿ ಆಗಂಗಿಲ್ಲೇನ್ರಿ?" ಎಂದು ಆ ಬೆನ್ನಿಗೆ ಕಿರುಚಿದಳು ನೀರಜಾ. ಇಡೀ ಹೋಟೆಲು ತಿರುಗಿ ನೋಡಿತು. "ನಿಮ್ಮ ಮಗಳಿಗೆ ಲೋಕದಾಗ ಬ್ಯಾರೆ ಗಂಡಸೇ ಸಿಗಲಿಲ್ಲೇನು? ನನ್ನ ಗಂಡನೇ ಬೇಕಾಗಿತ್ತೇನು?"

"ಬ್ಯಾರೆ ಭಾಳ ಮಂದಿ ಸಿಕ್ಕಿದ್ರವಾ, ಶಶಿಕಾಂತನೇ ಬೇಕು ಅಂತ ಹಟ ಹಿಡದಾಕಿ ನೀನು," ಎಂದು ಪಾವ್ ಮುರಿಯುತ್ತ ತಿರುಗಿದಳು ಗುಂಡವ್ವ.