ಸೇರಿಸಬಾರದ ಚುಕ್ಕಿ

ಆ ಬೀದಿಗೆ ನೀರು ಬರುತ್ತಿದ್ದುದು ರಂಗೋಲಿಯಿಂದ. ಆಕ್ಸಿಜನ್ನಿನ ಸುತ್ತ ಚುಕ್ಕಿಯಿಟ್ಟು, ಎರಡು ಹೈಡ್ರೋಜನ್ ಸೇರಿಸಿ, ಉಳಿದೆರಡು ಜೋಡಿ ಚುಕ್ಕಿಗಳನ್ನು ಹಾಗೇ ಬಿಟ್ಟರೆ ತೊಟ್ಟಿ ತುಂಬುತ್ತಿತ್ತು. ಅಂದು ಮೇದಿನಿಯ ಸರದಿ.

"ಕೆಮಿಸ್ಟ್ರಿ ಎಂ.ಎಸ್ಸಿ. ಓದಿದೋಳು ಬಿಡಿಸ್ತಿದಾಳೆ, ನೋಡಿ ಕಲೀರೇ!" ಎಂದರು ಎದುರುಮನೆಯ ಸರ್ವಮಂಗಳಮ್ಮ. ಅವರ ಮೊಮ್ಮಗಳ ನಾಮಕರಣ ಅವತ್ತೇ.

ಎಲ್ಲರೂ ನೋಡುತ್ತಿದ್ದಾರೆಂದು ಮೇದಿನಿಯ ಕಿವಿ ಬಿಸಿಯಾಯಿತು. ರಂಗೋಲಿಯಲ್ಲಿ ಯಾವ ಚುಕ್ಕಿಯನ್ನೂ ಸೇರಿಸದೆ ಬಿಡಬಾರದೆಂದು ಅಮ್ಮ ಚಿಕ್ಕಂದಿನಲ್ಲಿ ಪಳಗಿಸಿದ ಕೈ, ಬಿಡಬೇಕಾದ ಒಂದು ಜೋಡಿಗೂ ಹೈಡ್ರೋಜನ್ ಸೇರಿಸಿಬಿಟ್ಟಿತು. ತೊಟ್ಟಿಯೇನೋ ತುಂಬಿತು.

ಸ್ವಲ್ಪ ಹೊತ್ತಿಗೆ ಆ ನೀರು ಬೆರೆಸಿದ ಪಾಯಸದ ಹಾಲು ಒಡೆದುಹೋಯಿತು. ಸರ್ವಮಂಗಳಮ್ಮ ಹಾಲಿನವನನ್ನು ಬೀದಿಯಲ್ಲೇ ಹಿಡಿದುಕೊಂಡರು.

"ಏನಪ್ಪಾ ಬೀರಣ್ಣ, ಹಳಸಿದ ಹಾಲು ಕೊಡೋಕೆ ನಮ್ಮ ಮಗು ನಾಮಕರಣವೇ ಬೇಕಿತ್ತಾ?"

"ಇಲ್ಲ ತಾಯಿ, ಈಗ್ತಾನೆ ಕರೆದಿದ್ದು..."

ಮೇದಿನಿ ತನ್ನ ರಂಗೋಲಿಯತ್ತ ನೋಡಿದಳು. ಮೂರನೆಯ ಹೈಡ್ರೋಜನ್ ಕಣ್ಣಿಗೆ ಬಿತ್ತು. ಒಂದು ಹೈಡ್ರೋಜನ್ ಹೆಚ್ಚಾದರೆ ನೀರು ಆಮ್ಲವಾಗುತ್ತದೆ; ಹುಳಿಯಿದ್ದದ್ದು ಹಾಲಿನಲ್ಲಲ್ಲ, ನೀರಿನಲ್ಲಿ. ತಪ್ಪು ನನ್ನದು ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಕಾಲು ಆ ಹೈಡ್ರೋಜನ್ನನ್ನು ಮೆಲ್ಲಗೆ ಉಜ್ಜಿ ಅಳಿಸಿತು.

"ಹೋಗ್ಲಿ, ತಪ್ಪಾಯ್ತು ತಾಯಿ" ಎಂದು ಬೀರಣ್ಣ ಕ್ಯಾನು ಎತ್ತಿಕೊಂಡ. ರಂಗೋಲಿ ತುಳಿಯದಂತೆ ಸುತ್ತು ಹಾಕಿ ಬಂದು, ನೀರು ಕೊಟ್ಟವಳೆಂದು ಅವಳಿಗೂ ಕೈಮುಗಿದು ಹೋದ.